ಎಲ್ಲರಿಗೂ ಒಂದೊಂದು ಚಮಚ

ನನ್ನ ಮೇಲೆ ಒಂದು ಆಕ್ಷೇಪಣೆ ಇದೆ. ಕಳ್ಳತನದ್ದಲ್ಲ, ಮಕ್ಕಳಿಗೆ ಹೊಡೆದದ್ದಲ್ಲ, ಶಾಲೆಗೆ ಹೋಗದೆ ಸಂಬಳ ತಿಂದದ್ದೂ ಅಲ್ಲ. ಚಮಚ ಕೊಂಡದ್ದು. ಅನ್ನ ಉಣ್ಣುವ ಸ್ಟೀಲಿನ ಚಮಚ. ಬಡ ಮಕ್ಕಳಿಗೆಂದು ಬಂದ ಹಣದಲ್ಲಿ ಶಾಲೆಯ ಎಲ್ಲ ಮಕ್ಕಳಿಗೂ ಚಮಚ ಕೊಂಡಿದ್ದೇನೆ, ಆದ್ದರಿಂದ ಆ ಹಣವನ್ನು ನನ್ನಿಂದ ವಸೂಲು ಮಾಡಬೇಕು ಎಂದು ಹಾವೇರಿಯ ಒಂದು ಕಚೇರಿ ಹೇಳುತ್ತದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಜಿಲ್ಲಾ ಕೇಂದ್ರದಲ್ಲಿ ಕಚೇರಿಗಳಿಗೇನು ಬರವೇ? ನಾನು ಇನ್ನೂ ಕಟ್ಟಿಲ್ಲ, ಕಟ್ಟುವುದೂ ಇಲ್ಲ. ಯಾಕೆ ಕಟ್ಟುವುದಿಲ್ಲ ಎಂದು ಅಚ್ಚ ಕನ್ನಡದಲ್ಲೇ ಬರೆದು ಕೊಟ್ಟೆ, ಅವರಿಗೆ ತಿಳಿಯಲಿಲ್ಲ. ಇಲ್ಲಿ ಇನ್ನೊಮ್ಮೆ, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಬ್ಯಾಡಗಿಗೆ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿ. ಮನೆ ರಾಣೇಬೆನ್ನೂರಿನಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಸಂಕ್ರಾಂತಿ ಹತ್ತಿರ ಬಂತೆಂದರೆ ಬಸ್ಸು ಬ್ಯಾಡಗಿ ಮುಟ್ಟುವ ಮೊದಲೇ ಮೂಗಿಗೆ ಊರು ಬಂದದ್ದು ಗೊತ್ತಾಗುತ್ತದೆ. ಕಂಡಕ್ಟರು ಸೀನುತ್ತಲೇ ಟಿಕೆಟ್ ಹರಿಯುತ್ತಾನೆ. ಸೋಮವಾರ, ಗುರುವಾರ ಮಾರುಕಟ್ಟೆಯಲ್ಲಿ ಟೆಂಡರು ಕರೆಯುವ ದಿನವಂತೂ ರಸ್ತೆಯ ತುಂಬ ಮೆಣಸಿನಕಾಯಿ ಚೀಲ ಹೇರಿದ ಗಾಡಿಗಳು. ಆ ದಿನ ಶಾಲೆಗೆ ತಡವಾದರೆ ಯಾರೂ ಕಾರಣ ಕೇಳುವುದಿಲ್ಲ.

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಎಲ್ಲರೂ ಹೊಗಳುತ್ತಾರೆ. ಹೊಗಳುವವರು ಒಂದು ದಿನ ಕೂತು ಅದರ ತುಂಬು ಬಿಡಿಸಿ ನೋಡಲಿ. ತುಂಬು ಎಂದರೆ ಕಾಯಿಯ ತೊಟ್ಟು. ಒಣಗಿದ ಕಾಯಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳಿನಿಂದ ತೊಟ್ಟು ಚಿವುಟಿ ತೆಗೆಯಬೇಕು. ಪೇಟೆಯಲ್ಲೇ ಸಾಲಾಗಿ ಕೂತು ಈ ಕೆಲಸ ಮಾಡುವ ಹೆಂಗಸರಿದ್ದಾರೆ, ಚೀಲ ಮನೆಗೆ ತಂದು ಮಾಡುವವರೂ ಇದ್ದಾರೆ. ನಮ್ಮ ಹಳ್ಳಿಯಲ್ಲಿ ಮನೆಗೆ ತರುವವರೇ ಹೆಚ್ಚು. ಚೀಲ ಬಂದರೆ ಅದರ ಮುಂದೆ ಅವ್ವ ಕೂರುತ್ತಾಳೆ, ಅಜ್ಜಿ ಕೂರುತ್ತಾಳೆ, ಮಗಳೂ ಕೂರುತ್ತಾಳೆ. ಮಗ ಎಲ್ಲಿ ಎಂದು ಕೇಳಬೇಡಿ, ಅವನು ಕ್ರಿಕೆಟ್ ಆಡುತ್ತಿರುತ್ತಾನೆ.

ಹೀಗಾಗಿ ಸುಗ್ಗಿ ಶುರುವಾದರೆ ನನ್ನ ಶಾಲೆಯ ಬಹಳಷ್ಟು ಹುಡುಗಿಯರ ಬಲಗೈ ಬೆರಳು ಕೆಂಪಾಗುತ್ತವೆ. ಮೊದಲು ಬಣ್ಣ ಹತ್ತುತ್ತದೆ, ಆಮೇಲೆ ಉರಿ, ಆಮೇಲೆ ಹೆಬ್ಬೆರಳ ತುದಿಯ ಚರ್ಮ ಸುಲಿಯುತ್ತದೆ. ಪೆನ್ಸಿಲ್ ಹಿಡಿದರೂ ನೋವು. ಮರೆತು ಕಣ್ಣು ಮುಟ್ಟಿಕೊಂಡರೆ ಮುಗಿಯಿತು, ಆ ದಿನ ಪಾಠವಿಲ್ಲ. ಮಕ್ಕಳನ್ನು ದುಡಿಸಬಾರದು ಎಂಬ ಕಾನೂನು ನನಗೂ ಗೊತ್ತಿದೆ, ಶಾಲೆಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿದ್ದೇನೆ. ಆ ಗೋಡೆಗೇ ಬೆನ್ನು ಕೊಟ್ಟು ಹುಡುಗಿಯರು ಮಧ್ಯಾಹ್ನ ಉಣ್ಣಲು ಕೂರುತ್ತಾರೆ.

ಆ ವರ್ಷ ಆರನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬೇಡ. ಅಪ್ಪ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ, ಅವ್ವ ತುಂಬು ಬಿಡಿಸುತ್ತಿದ್ದಳು. ಹೊಲ ಇರಲಿಲ್ಲ. ಹುಡುಗಿ ಲೆಕ್ಕದಲ್ಲಿ ಚುರುಕು, ಬಾಯಿಯಲ್ಲಿ ಅದಕ್ಕಿಂತ ಚುರುಕು. ನಾನು ಹಲಗೆಯ ಮೇಲೆ ಬರೆಯುವಾಗ ಅವಸರದಲ್ಲಿ ಏನಾದರೂ ಬಿಟ್ಟರೆ ಹಿಂದಿನಿಂದ ಅವಳ ದನಿ ಬರುತ್ತಿತ್ತು: "ಅಕ್ಕೋರ, ಅಲ್ಲೊಂದು ಸೊನ್ನಿ ಬಿಟ್ಟೀರಿ." ನಮ್ಮ ಕಡೆ ಮಕ್ಕಳು ಮೇಷ್ಟ್ರಮ್ಮನನ್ನು ಅಕ್ಕೋರ ಎಂದೇ ಕರೆಯುವುದು. ನನಗೆ ಸಿಟ್ಟು ಬರಬೇಕು, ಬರುತ್ತಿರಲಿಲ್ಲ. ಇಂಥ ಒಬ್ಬಳು ತರಗತಿಯಲ್ಲಿದ್ದರೆ ಪಾಠ ಮಾಡುವವರಿಗೂ ನಿದ್ದೆ ಬರುವುದಿಲ್ಲ.

ಸುಗ್ಗಿಯ ನಡುವೆ ಒಂದು ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ವರಾಂಡದಲ್ಲಿ ಗದ್ದಲವಾಯಿತು. ಹೋಗಿ ನೋಡಿದರೆ ಈ ಹುಡುಗಿ ಬಲಗೈಯನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ಎಡಗೈಯಲ್ಲಿ ಅನ್ನ ಕಲೆಸುತ್ತಿದ್ದಳು. ಚರ್ಮ ಸುಲಿದ ಬೆರಳಿಗೆ ಬಿಸಿ ಸಾರು ತಾಗಿದರೆ ಯಾರಿಗೆ ತಾನೆ ಉಣ್ಣಲಾಗುತ್ತದೆ? ಆದರೆ ಎಡಗೈಯಲ್ಲಿ ಉಣ್ಣುವುದನ್ನು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಎಡಗೈಗೆ ಬೇರೆ ಕೆಲಸವಿದೆ, ಅದನ್ನು ಬರೆಯಬೇಕಾಗಿಲ್ಲ.

"ಏ, ಎಡಗೈಲೆ ಉಣ್ಣಾಕತ್ಯಾಳ ನೋಡ್ರಲೇ!" ಎಂದು ಒಬ್ಬ ಕೂಗಿದ. ಅಕ್ಕಪಕ್ಕದವರು ತಮ್ಮ ತಾಟು ಎತ್ತಿಕೊಂಡು ದೂರ ಸರಿದರು. ಹುಡುಗಿ ಎದ್ದು ತಾಟು ತೊಳೆದಿಟ್ಟು ತರಗತಿಗೆ ಹೋದಳು. ಕೂಗಿದವನ ಕಿವಿ ಹಿಂಡಿದೆ. ಅದರಿಂದ ಏನೂ ಉಪಯೋಗವಾಗಲಿಲ್ಲ.

ಮರುದಿನದಿಂದ ಅವಳು ಊಟಕ್ಕೇ ಕೂರಲಿಲ್ಲ. ಕೇಳಿದರೆ "ಹಸಿವಿಲ್ರಿ" ಎಂದಳು. ಬೆಳಗ್ಗೆ ಚಹಾ ಕುಡಿದು ಬಂದ ಹುಡುಗಿಗೆ ಮಧ್ಯಾಹ್ನ ಹಸಿವಿಲ್ಲ! ಬಿಸಿಯೂಟದ ಅಡುಗೆ ಮಾಡುವ ಅವ್ವನಿಗೆ ಇದನ್ನು ನೋಡಲಾಗಲಿಲ್ಲ. ಒಂದು ದಿನ ಅವಳನ್ನು ಹಿಡಿದು ಕೂರಿಸಿಕೊಂಡು ತಾನೇ ತುತ್ತು ಮಾಡಿ ಬಾಯಿಗೆ ಇಟ್ಟಳು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಗಂಡುಹುಡುಗರು ಸುಮ್ಮನಿರಬೇಕಲ್ಲ. "ಕೂಸು, ಕೂಸು" ಎಂದು ಚಪ್ಪಾಳೆ ತಟ್ಟಿದರು. ಹುಡುಗಿ ಬಾಯಲ್ಲಿದ್ದ ತುತ್ತನ್ನು ನುಂಗಿ, ಪಾಟಿಚೀಲ ತೆಗೆದುಕೊಂಡು ಮನೆಗೆ ಹೋದಳು. ಆಮೇಲೆ ಶಾಲೆಗೇ ಬರಲಿಲ್ಲ.

ಹುಡುಗಿಯರು ಹೇಗೆ ಕೈತಪ್ಪಿ ಹೋಗುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಮೊದಲು ಅವ್ವ "ಆರಾಮಿಲ್ರಿ" ಎನ್ನುತ್ತಾಳೆ. ಆಮೇಲೆ "ನಾಳೆ ಕಳಸ್ತೇನ್ರಿ" ಎನ್ನುತ್ತಾಳೆ. ಕೊನೆಗೆ ನಾವು ಹೋದಾಗ ಬಾಗಿಲೇ ಹಾಕಿರುತ್ತದೆ. ಏಳನೆಯದು ಮುಗಿಸದ ಹುಡುಗಿಗೆ ಹೈಸ್ಕೂಲಿಲ್ಲ, ಹೈಸ್ಕೂಲಿಗೆ ಹೋಗದ ಹುಡುಗಿಗೆ ಬಹಳ ಲಗೂನೆ ಗಂಡು ಸಿಗುತ್ತದೆ. ಬಾಗಿಲು ಹಾಕುವ ಮೊದಲೇ ಹೋಗಬೇಕೆಂದು ಮೂರನೇ ದಿನ ಶಾಲೆ ಬಿಟ್ಟ ಕೂಡಲೇ ನೇರ ಅವಳ ಮನೆಗೆ ಹೋದೆ.

ಪಡಸಾಲೆಯಲ್ಲಿ ಕೆಂಪು ರಾಶಿ. ಹೊಸ್ತಿಲಲ್ಲೇ ನನಗೆ ಕೆಮ್ಮು ಹತ್ತಿತು.

"ಬರ್ರಿ ಅಕ್ಕೋರ. ಒಳಗ ಘಾಟು ಐತಿ, ಹೊರಗ ಕಟ್ಟಿಮ್ಯಾಲೆ ಕುಂದ್ರೂಣು" ಎಂದು ಅವ್ವ ಸೆರಗಿನಿಂದ ಕಟ್ಟೆ ಒರೆಸಿದಳು.

"ಮಗಳನ್ನ ಸಾಲಿಗೆ ಯಾಕ ಕಳಿಸಿಲ್ಲವಾ?"

"ಮಧ್ಯಾಹ್ನ ಉಂಡು ಬರ್ತಾಳಂತ ಕಳಸ್ತಿದ್ದೆ ನೋಡ್ರಿ. ಈಗ ಉಪಾಸ ಬರಾಕತ್ತಿದ್ಲು. ಉಪಾಸ ಇರೂದಾದ್ರ ಮನ್ಯಾಗ ಕುಂತು ನಾಕು ತುಂಬಾದ್ರೂ ಬಿಡಸ್ತಾಳ."

"ಅಕಿ ಕೈ ನೋಡೀಯೇನು?" ನನ್ನ ದನಿ ಏರಿತ್ತು.

ಅವಳು ತನ್ನ ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು. ಅವೂ ಸುಲಿದು ಕೆಂಪಾಗಿದ್ದವು. ನಾನು ದನಿ ತಗ್ಗಿಸಿದೆ. ಹುಡುಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಕರೆದೆ, ಬಂದಳು.

"ನೀ ಯಾಕ ಬರವಲ್ಲಿ?"

"ಉಣ್ಣು ಹೊತ್ತಿನ್ಯಾಗ ಎಲ್ಲಾರೂ ನನ್ನ ಕೈನ ನೋಡ್ತಾರ್ರಿ."

"ಕೈ ವಾಸಿ ಆದಮ್ಯಾಲೆ ಬರ್ತೀಯಾ?"

ಹುಡುಗಿಗೆ ನಗು ಬಂತು. "ಸುಗ್ಗಿ ಮುಗಿಯೂಮಟ ಎಲ್ಲಿ ವಾಸಿ ಆಗತೈತ್ರಿ? ಅದು ಮುಗಿಯೂದ್ರಾಗ ಪರೀಕ್ಷಾನೂ ಮುಗಿದಿರ್ತಾವು."

ಲೆಕ್ಕ ಸರಿಯಾಗಿತ್ತು, ಎಂದಿನಂತೆ. ಬೆಳಗ್ಗೆ ಶಾಲೆಗೆ ಮೊದಲು ಮಗಳನ್ನು ಚೀಲದ ಮುಂದೆ ಕೂರಿಸುವುದಿಲ್ಲ ಎಂದು ಅವ್ವನಿಂದ ಮಾತು ತೆಗೆದುಕೊಂಡೆ. ಸಂಜೆಯ ಕೆಲಸ ತಪ್ಪಿಸಲಾಗಲಿಲ್ಲ. ಅಷ್ಟು ಮಾತ್ರ ಗೆದ್ದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ಒಂದು ಹುಡುಗಿ ಓದು ಬಿಡುತ್ತಿದ್ದಾಳೆ, ಯಾಕೆ? ಉಣ್ಣುವಾಗ ಕೈ ಕಾಣುತ್ತದೆ ಎಂದು! ಇದಕ್ಕೂ ನನ್ನ ಹತ್ತಿರ ಮದ್ದು ಇಲ್ಲ ಎಂದರೆ ನಾನು ಯಾವ ಸೀಮೆಯ ಹೆಡ್ ಮಾಸ್ತರತಿ? ಬಸ್ಸು ರಾಣೇಬೆನ್ನೂರು ಮುಟ್ಟುವುದರೊಳಗೆ ಚಮಚ ಹೊಳೆದಿತ್ತು.

ಹಣವೂ ಇತ್ತು. ದುರ್ಬಲ ವರ್ಗದ ಮಕ್ಕಳ ಕಲಿಕೆಗೆ ನೆರವಾಗಲಿ ಎಂದು ಸರ್ಕಾರದಿಂದ ಬಂದ ಅನುದಾನ ಶಾಲೆಯ ಖಾತೆಯಲ್ಲಿ ಕೂತಿತ್ತು. ಮಾರ್ಚ್ ಮುಗಿಯುವುದರೊಳಗೆ ಖರ್ಚು ಮಾಡದಿದ್ದರೆ ವಾಪಸ್ಸು ಹೋಗುತ್ತದೆ. ಹೀಗೆ ಬಂದ ಹಣ ಮಾರ್ಚ್ ತಿಂಗಳಿನಲ್ಲಿ ಎಲ್ಲ ಶಾಲೆಗಳಲ್ಲೂ ಬಣ್ಣವಾಗುತ್ತದೆ, ಬೋರ್ಡಾಗುತ್ತದೆ, ಯಾರೂ ತೆರೆಯದ ಕಪಾಟಾಗುತ್ತದೆ. ಶಾಲಾ ಅಭಿವೃದ್ಧಿ ಸಮಿತಿಯ ಸಭೆ ಕರೆದೆ. ಸಮಿತಿಯ ಅಧ್ಯಕ್ಷರು ಮೆಣಸಿನಕಾಯಿ ವ್ಯಾಪಾರಸ್ಥರು. ಕೆಟ್ಟವರೇನಲ್ಲ, ಕರೆದಾಗ ಬರುತ್ತಾರೆ, ಶಾಲೆಗೆ ಫ್ಯಾನು ಕೊಟ್ಟಿದ್ದಾರೆ. ಫ್ಯಾನಿನ ಮೂರೂ ರೆಕ್ಕೆಯ ಮೇಲೆ ಅವರ ತಂದೆಯ ಹೆಸರಿದೆ. ಕರೆಂಟು ಹೋದಾಗ ಚೆನ್ನಾಗಿ ಓದಬಹುದು.

"ಗೇಟಿನ ಮುಂದ ಒಂದು ದೊಡ್ಡ ಬೋರ್ಡ್ ಮಾಡಸೂಣ್ರಿ. ನೆರವು ತಗೊಂಡ ಮಕ್ಕಳ ಹೆಸರು ಅದರಾಗ ಬರಸೂಣು. ಫೋಟೋಕ್ಕೂ ಚಲೋ" ಎಂದರು ಅಧ್ಯಕ್ಷರು.

"ಚಮಚ ತರೂಣು" ಎಂದೆ.

ನಕ್ಕರು. ಕಾರಣ ಹೇಳಿದೆ. ನಗು ನಿಂತಿತು. ಅವರ ಅಂಗಡಿಯ ಚೀಲಗಳೂ ಆ ಮನೆಗಳಿಗೆ ಹೋಗುತ್ತಿದ್ದವಲ್ಲ. ಆಮೇಲೆ ಹೇಳಿದರು: "ಹಂಗಾರ ಕೈ ಉರಿಯೂ ಹುಡುಗ್ಯಾರಿಗಷ್ಟ ತರ್ರಿ ಮೇಡಂ. ರೊಕ್ಕ ಬಂದದ್ದೂ ಅಂಥಾವ್ರ ಸಲುವಾಗಿ. ಎಲ್ಲಾರಿಗೂ ಯಾಕ?"

ಕೇಳಲಿಕ್ಕೆ ನ್ಯಾಯವಾದ ಮಾತು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಅದಕ್ಕೆ ಕಾರಣ ಹಲಗೇರಿಯಲ್ಲಿದೆ.

ನಾನು ಹುಟ್ಟಿದ್ದು, ಓದಿದ್ದು ಹಲಗೇರಿಯ ಶಾಲೆಯಲ್ಲಿ. ನಮ್ಮಂಥ ಕೆಲವು ಮನೆಯ ಮಕ್ಕಳಿಗೆ ಆಗ ಸಮವಸ್ತ್ರದ ಬಟ್ಟೆ ಪುಕ್ಕಟೆ ಸಿಕ್ಕಿತು. ಉಳಿದವರು ಪೇಟೆಯಲ್ಲಿ ಕೊಂಡು ಹೊಲಿಸಿದರು. ಅವರದೂ ನೀಲಿ, ನಮ್ಮದೂ ನೀಲಿ. ಆದರೆ ಅವರ ನೀಲಿ ದಟ್ಟ, ನಮ್ಮ ನೀಲಿ ನಾಲ್ಕು ಸಲ ನೀರು ಕಂಡ ಕೂಡಲೇ ಬೂದಿಯಂತಾಯಿತು. ಪ್ರಾರ್ಥನೆಗೆ ಸಾಲಾಗಿ ನಿಂತರೆ ರಸ್ತೆಯ ಮೇಲೆ ಹೋಗುವವರಿಗೂ ಯಾರು ಪುಕ್ಕಟೆ ಎಂದು ಗೊತ್ತಾಗುತ್ತಿತ್ತು. ನಾನು ಅತ್ತೆ. ನನ್ನ ಅವ್ವ ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಸುರಿದು ನನ್ನ ಲಂಗವನ್ನು ಅದ್ದಿ ತೆಗೆದಳು. ಅದು ಒಂದೇ ಸಮನೆ ಹತ್ತಲಿಲ್ಲ, ಅಲ್ಲಲ್ಲಿ ಕಲೆ ಕಲೆಯಾಯಿತು. ಈಗ ಇನ್ನೂ ದೂರದಿಂದ ಕಾಣುತ್ತಿತ್ತು. ಆ ಬಟ್ಟೆ ಕೊಟ್ಟ ಸರ್ಕಾರಕ್ಕೆ ನಾನು ಇವತ್ತಿಗೂ ಋಣಿ, ಅದಿಲ್ಲದಿದ್ದರೆ ನಾನು ಓದುತ್ತಿರಲಿಲ್ಲ. ಬಣ್ಣ ಬೇರೆ ಮಾಡಿದವರ ಮೇಲೆ ಇವತ್ತಿಗೂ ಸಿಟ್ಟಿದೆ. ಎರಡೂ ಒಟ್ಟಿಗೇ ಇರಬಲ್ಲವು.

ಅಧ್ಯಕ್ಷರಿಗೆ ಇಷ್ಟೆಲ್ಲ ಹೇಳಲಿಲ್ಲ. "ಕೆಲವರ ಕೈಯಾಗ ಚಮಚ ಕೊಟ್ರ ಅದು ಚಮಚ ಅಲ್ರಿ, ಹಣಿಮ್ಯಾಲೆ ಒತ್ತಿದ ಸಿಕ್ಕಾ. ಹುಡುಗಿ ಕೈ ನೋಡೂದು ಬಿಟ್ಟು ಚಮಚ ನೋಡ್ತಾರ, ಅಷ್ಟ ಫರಕು. ತಂದ್ರ ಎಲ್ಲಾರಿಗೂ ತರೂಣು" ಎಂದೆ. ಸಭೆ ಒಪ್ಪಿತು, ಸಹಿಯಾಯಿತು.

ಚಮಚ ಕೊಂಡದ್ದು ರಾಣೇಬೆನ್ನೂರಿನ ಒಂದು ಪಾತ್ರೆ ಭಾಂಡೆ ಅಂಗಡಿಯಲ್ಲಿ. ಎಷ್ಟು ಚಮಚ ಬೇಕೆಂದು ನಾನು ಹೇಳಿದ ಕೂಡಲೇ ಅಂಗಡಿಯವರು ಕಣ್ಣರಳಿಸಿ "ಮನ್ಯಾಗ ಮದವಿ ಏನ್ರಿ ಅಕ್ಕಾರ?" ಎಂದರು. ಎಣಿಸಿ ಕಟ್ಟುವ ಮೊದಲು ಹೆಸರು ಕೊರೆಯುವ ಮಶೀನನ್ನು ತೆಗೆದು ಒರೆಸಿ ಮುಂದಿಟ್ಟುಕೊಂಡರು.

"ಏನಂತ ಹಾಕೂನ್ರಿ?"

ನಮ್ಮ ಕಡೆ ಹೆಸರು ಹಾಕಿಸದೆ ಯಾರೂ ಸ್ಟೀಲಿನ ಸಾಮಾನು ಕೊಡುವುದಿಲ್ಲ. ಮದುವೆಯ ತಂಬಿಗೆಯಿರಲಿ, ತೊಟ್ಟಿಲಿಗೆ ಹಾಕಿದ ದಿನ ಕೊಟ್ಟ ಬಟ್ಟಲಿರಲಿ, ಕೊಟ್ಟವರ ಹೆಸರು ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೂತಿರುತ್ತದೆ. ಕೊಟ್ಟವರು ಸತ್ತರೂ ಹೆಸರು ಸಾಯುವುದಿಲ್ಲ, ದಿನಾ ನೀರು ಕುಡಿಯುವಾಗ ನೆನಪು ಮಾಡುತ್ತದೆ.

"ಯಾರ ಹೆಸರೂ ಬ್ಯಾಡ್ರಿ" ಎಂದೆ.

"ಹೆಸರಿಲ್ಲದ ಭಾಂಡೆ ಕಳದು ಹೋಗ್ತಾವ್ರಿ."

"ಕಳದು ಹೋಗಲಿ. ಯಾರಾದ್ರೂ ಒಯ್ದು ಉಣ್ಣಲಿ."

ಅವರು ಮಶೀನನ್ನು ಒಲ್ಲದ ಮನಸ್ಸಿನಿಂದ ಒಳಗಿಟ್ಟರು. ಪೂಜೆ ಮಾಡಿಸದೆ ಗಾಡಿ ಒಯ್ಯುವವರನ್ನು ನೋಡಿದಂತೆ ನನ್ನನ್ನು ನೋಡಿದರು.

ಚಮಚ ಕೊಡುವ ದಿನ ಬಸ್ಸಿನಿಂದ ಇಳಿದು ಮೊದಲು ಹುಡುಗಿಯ ಮನೆಗೆ ಹೋದೆ. "ಇವತ್ತ ನಮ್ಮ ಸಾಲ್ಯಾಗ ಯಾರೂ ಕೈಲೆ ಉಣ್ಣಂಗಿಲ್ಲ. ನಾನೂ ಉಣ್ಣಂಗಿಲ್ಲ. ಬಂದು ನೋಡು" ಎಂದೆ. ನಂಬಲಿಲ್ಲ, ಆದರೂ ನೋಡುವ ಆಸೆಗೆ ಬಂದಳು.

ಆ ಮಧ್ಯಾಹ್ನದ ಊಟವನ್ನು ಬರೆಯುವುದು ಕಷ್ಟ. ಒಂದನೇ ತರಗತಿಯವರು ತಾಟು ಬಡಿದು ಭಜನೆ ಮಾಡಿದರು. ಒಬ್ಬನ ಚಮಚದಿಂದ ಹಾರಿದ ಅನ್ನ ಇನ್ನೊಬ್ಬನ ಮೂಗಿಗೆ ಬಿತ್ತು. ದೊಡ್ಡ ಹುಡುಗರು ಎರಡು ತುತ್ತಿಗೆ ಒಂದನ್ನು ಅಂಗಿಗೆ ಉಣಿಸಿದರು. ನನ್ನ ಸೀರೆಯ ಮೇಲೂ ಸಾರು ಬಿತ್ತು. ಅಡುಗೆಯ ಅವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು "ಏನ್ರಿ ಅಕ್ಕೋರ ಇದು, ಸಾಲಿ ಹೋಗಿ ಹೋಟೆಲ್ ಆತು" ಎಂದು ನಕ್ಕಳು. ಈ ಗಲಾಟೆಯ ನಡುವೆ ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಹೆಬ್ಬೆರಳಿಗೆ ತಾಗದಂತೆ ಚಮಚವನ್ನು ಮುಷ್ಟಿಯಲ್ಲಿ ಸೌಟಿನ ಹಾಗೆ ಹಿಡಿದಿದ್ದಳು. ಯಾರೂ ಅವಳನ್ನು ನೋಡಲಿಲ್ಲ, ಎಲ್ಲರಿಗೂ ತಮ್ಮ ತಮ್ಮ ಫಜೀತಿಯೇ ಸಾಕಾಗಿತ್ತು. ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು. ನಾನು ಮೆಣಸಿನಕಾಯಿ ಘಾಟು ಎಂದು ಹೇಳಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಹೋದೆ.

ಪರೀಕ್ಷೆ ಬರೆದಳು. ಏಳನೆಯದಕ್ಕೆ ಬಂದಳು.

ಮಳೆಗಾಲದಲ್ಲಿ ಲೆಕ್ಕ ನೋಡುವವರು ಬಂದು ಹೋದರು. ಆಕ್ಷೇಪಣೆ ಬಂತು. ಹಾವೇರಿಗೆ ಬಂದು ವಿವರಣೆ ಕೊಡಿ ಎಂದರು, ಹೋದೆ. ಅಧಿಕಾರಿ ನಡುವಯಸ್ಸಿನವರು, ಸೌಮ್ಯ ಮನುಷ್ಯ. ಕೂರಲು ಹೇಳಿ ಚಹಾ ತರಿಸಿದರು.

"ಮೇಡಂ, ನಿಯಮದಾಗ ಚಮಚ ಎಲ್ಲೈತ್ರಿ?"

"ಮಕ್ಕಳು ಸಾಲ್ಯಾಗ ಉಳಿಯಾಕ ಬೇಕಾದದ್ದಕ್ಕ ಖರ್ಚು ಮಾಡ್ರಿ ಅಂತೈತ್ರಿ. ಚಮಚದಿಂದ ಉಳದಾರು."

"ಅದನ್ನ ಒಪ್ಪೂಣು. ಆದ್ರ ಫಲಾನುಭವಿ ಅಲ್ಲದ ಮಕ್ಕಳಿಗೂ ಕೊಟ್ಟೀರಿ. ಅವರಿಗೆ ಕೊಟ್ಟದ್ದು ಇವರಿಗೆ ಹೆಂಗ ನೆರವಾತು?"

"ಅದ ನೆರವು ರಿ" ಎಂದೆ. "ಅಕಿ ಕೈಯಾಗಿನ ಚಮಚ ಅರ್ಧ. ಅಕಿ ಬಾಜೂಕ ಕುಂತೋರ ಕೈಯಾಗಿನ ಚಮಚ ಉಳದರ್ಧ."

ಅವರು ಕನ್ನಡಕ ತೆಗೆದು ಒರೆಸಿದರು. ನನಗೆ ಸಹಾಯ ಮಾಡುವ ಮನಸ್ಸೇ ಅವರಿಗಿತ್ತು, ದಾರಿಯನ್ನೂ ತೋರಿಸಿದರು. ಫಲಾನುಭವಿ ಮಕ್ಕಳಿಗೆ ಸಲ್ಲಬೇಕಾದಷ್ಟು ಚಮಚದ ಮೇಲೆ 'ಫಲಾನುಭವಿ' ಎಂದು ಕೊರೆಸಿ ಬೇರೆ ಇಡಬೇಕು. ಉಳಿದ ಚಮಚಗಳನ್ನು ಯಾರಾದರೂ ದಾನಿಗಳು ಕೊಟ್ಟರೆಂದು ತೋರಿಸಿ, ಅವರ ಹೆಸರು ಕೊರೆಸಬೇಕು. "ಅಷ್ಟಾದ್ರ ಫೈಲು ಮುಗೀತೈತ್ರಿ" ಎಂದರು. ಅಧ್ಯಕ್ಷರಿಗೆ ಹೇಳಿದಾಗ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ನಾ ಕೊಡ್ತೇನ್ರಿ ಮೇಡಂ, ಅದೇನ್ ದೊಡ್ಡ ಮಾತು? ಅಪ್ಪಾರ ಹೆಸರು ಹಾಕಸೂಣು."

ಎಷ್ಟು ಸುಲಭ ನೋಡಿ! ನನ್ನ ಸಂಬಳ ಉಳಿಯುತ್ತಿತ್ತು, ಕಚೇರಿಯ ತಲೆನೋವು ಹೋಗುತ್ತಿತ್ತು, ಅಧ್ಯಕ್ಷರ ತಂದೆ ಫ್ಯಾನಿನಿಂದ ಇಳಿದು ಚಮಚಕ್ಕೂ ಬರುತ್ತಿದ್ದರು. ಆ ಹುಡುಗಿಯ ಕೈಗೆ ಮಾತ್ರ ನನ್ನ ಆ ಬೂದಿಬಣ್ಣದ ಲಂಗ ಬರುತ್ತಿತ್ತು. ಮತ್ತೆ ಹಾವೇರಿಗೆ ಹೋಗಿ ಆಗುವುದಿಲ್ಲ ಎಂದೆ.

"ಹಂಗಾರ ನೀವ ಕಟ್ಟಬೇಕಾಗತೈತ್ರಿ."

"ಕಟ್ಟಂಗಿಲ್ರಿ. ನಾ ಕಟ್ಟಿದ್ರ ಅದು ನನ್ನ ದಾನ ಆಗತೈತಿ, ಅಧ್ಯಕ್ಷರು ಕಟ್ಟಿದ್ರ ಅವರ ದಾನ. ಆ ಹುಡುಗಿ ಯಾರ ದಾನಾನೂ ಕೇಳಿಲ್ರಿ. ಸರ್ಕಾರ ಅಕಿ ಸಲುವಾಗಿ ಕೊಟ್ಟ ರೊಕ್ಕ, ಅಕಿ ಸಲುವಾಗಿ ಖರ್ಚಾಗೇತಿ. ಅದನ್ನ ಅಕಿದ ಅಂತ ಬರಕೊಳ್ರಿ."

"ಬರಕೊಳ್ಳಾಕ ಕಾಲಂ ಇಲ್ರಿ ಮೇಡಂ" ಎಂದರು ಅವರು. ಚೇಷ್ಟೆಗೆ ಹೇಳಿದ್ದಲ್ಲ, ಖರೇನೇ ಬೇಸರದಿಂದ ಹೇಳಿದರು.

ಹಾವೇರಿ ಬಸ್ ನಿಲ್ದಾಣದಲ್ಲಿ ನಿಂತು ಒಬ್ಬಳೇ ಬೈದುಕೊಂಡೆ. ಮರುದಿನ ಶಾಲೆಯಲ್ಲಿ ಜೊತೆಯ ಶಿಕ್ಷಕರು "ಕಟ್ಟಿ ಕೈ ತೊಳಕೊಳ್ರಿ, ನಿವೃತ್ತಿ ಹತ್ರ ಬಂತು" ಎಂದು ಬುದ್ಧಿ ಹೇಳಿದರು. ಕೈ ತೊಳೆದುಕೊಂಡರೆ ಹೋಗುವ ಉರಿ ಇದಲ್ಲ.

ಮುಂದಿನ ಸುಗ್ಗಿಯಲ್ಲಿ ಆ ಅಧಿಕಾರಿ ಸ್ಥಳ ತನಿಖೆಗೆ ಶಾಲೆಗೇ ಬಂದರು. ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ವರಾಂಡದಲ್ಲಿ ಮಕ್ಕಳು ಚಮಚ ಹಿಡಿದು ಉಣ್ಣುತ್ತಿದ್ದರು. ಇಷ್ಟು ಹೊತ್ತಿಗೆ ಅವರೆಲ್ಲ ಪಳಗಿದ್ದರು, ಅನ್ನ ಹಾರುತ್ತಿರಲಿಲ್ಲ. ಅಧಿಕಾರಿ ಒಂದಿಷ್ಟು ಹೊತ್ತು ನೋಡಿ, ಕೈಯಲ್ಲಿದ್ದ ಕಾಗದ ಬಿಡಿಸಿದರು.

"ಫಲಾನುಭವಿ ಮಕ್ಕಳು ಯಾರ್ಯಾರು? ಒಂದ್ಸಲ ಎದ್ದು ನಿಲ್ಲಸ್ರಿ ಮೇಡಂ, ಟಿಕ್ ಮಾಡ್ಕೋತೇನಿ."

"ನಿಲ್ಲಸಂಗಿಲ್ರಿ."

"ಮೇಡಂ, ಇದು ನನ್ನ ಡ್ಯೂಟಿ."

"ನಿಲ್ಲಸದ ಇರೂದು ನನ್ನ ಡ್ಯೂಟಿ ರಿ."

ಮಕ್ಕಳು ಉಣ್ಣುವುದನ್ನು ನಿಲ್ಲಿಸಿದ್ದರು. ಇಡೀ ವರಾಂಡ ನಮ್ಮಿಬ್ಬರ ಬಾಯಿ ನೋಡುತ್ತಿತ್ತು. ನನಗೆ ಆಗ ಹೆದರಿಕೆಯಾಯಿತು. ಸಂಬಳದ್ದಲ್ಲ. ಗೋಡೆಯ ಹತ್ತಿರ ಕೂತಿದ್ದ ಆ ಹುಡುಗಿಯದು. ಬೆರಳು ಈ ವರ್ಷವೂ ಸುಲಿದಿದ್ದವು. ಏಳನೆಯದು ಮುಗಿಯಲು ಸ್ವಲ್ಪವೇ ಉಳಿದಿತ್ತು. ಈಗ ಎದ್ದು ಮನೆಗೆ ನಡೆದರೆ ಅವಳನ್ನು ಮತ್ತೆ ಕರೆತರಲು ನನ್ನ ಹತ್ತಿರ ಇನ್ನು ಯಾವ ಉಪಾಯವೂ ಇರಲಿಲ್ಲ.

ಹುಡುಗಿ ಎದ್ದಳು. ಆದರೆ ಅವಳು ಪಾಟಿಚೀಲದ ಕಡೆ ಹೋಗಲಿಲ್ಲ. ಚಮಚವನ್ನು ತಾಟಿನಲ್ಲಿಟ್ಟು ಅಧಿಕಾರಿಯ ಮುಂದೆ ಬಂದು, ಲಂಗದ ಮಡಿಕೆಯಲ್ಲಿ ಬಚ್ಚಿಡುತ್ತಿದ್ದ ಆ ಬಲಗೈಯನ್ನು ಎತ್ತಿ ಬೆರಳು ಬಿಡಿಸಿ ಹಿಡಿದಳು.

"ಚಮಚ ನನಗ ಬೇಕಾಗಿತ್ರಿ ಸರ. ಈ ಕೈಗೆ ಬಿಸಿ ಸಾರು ತಾಗಿದ್ರ ಜೀವ ಹೋದಂಗ ಆಗತೈತ್ರಿ."

ಅಧಿಕಾರಿ ಆ ಕೈಯನ್ನು ನೋಡಿದರು. ಮೆತ್ತಗೆ ಕೇಳಿದರು: "ನಿನಗ ಸರಿ ಐತವಾ. ಉಳದೋರಿಗೆ ಯಾಕ?"

"ನಾ ಒಬ್ಬಾಕಿನ ಚಮಚದಲೆ ಉಣ್ಣಬೇಕಾಗಿದ್ರ ಸಾಲಿಗೆ ಬರ್ತಿದ್ದಿಲ್ರಿ." ಇಷ್ಟು ಹೇಳಿ ಅಡುಗೆಮನೆಯ ಬಾಗಿಲಲ್ಲಿದ್ದ ಬುಟ್ಟಿಯಿಂದ ಒಂದು ಚಮಚ ತಂದು ಅವರ ಮುಂದೆ ಹಿಡಿದಳು. "ನೀವೂ ಉಣ್ರಿ ಸರ. ನಮ್ಮ ಸಾಲ್ಯಾಗ ಎಲ್ಲಾರಿಗೂ ಅದಾವು."

ಅವರು ಕೂತರು. ಅಡುಗೆಯ ಅವ್ವ ಅನ್ನ ಸಾರು ಬಡಿಸಿದಳು. ಊಟ ಮುಗಿಸಿ ಚಮಚವನ್ನು ತಿರುಗಿಸಿ ಹಿಡಿಕೆ ನೋಡಿದರು, ಹೆಸರು ಹುಡುಕುವ ಅಭ್ಯಾಸ. ಏನೂ ಇರಲಿಲ್ಲ. ಕಾಗದವನ್ನು ಟಿಕ್ ಮಾಡದೆ ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದರು. ಅವರಿಗೆ ಆಮೇಲೆ ಬೇರೆ ಊರಿಗೆ ವರ್ಗವಾಯಿತು. ಆಕ್ಷೇಪಣೆಗೆ ವರ್ಗವಿಲ್ಲ, ಅದು ಹಾವೇರಿಯಲ್ಲೇ ಇದೆ, ವರ್ಷಕ್ಕೊಮ್ಮೆ ನನ್ನನ್ನು ನೆನೆಸಿಕೊಳ್ಳುತ್ತದೆ. ನಾನೂ ಮರೆಯದೆ ಕಟ್ಟುವುದಿಲ್ಲ ಎಂದು ಬರೆದು ಕಳಿಸುತ್ತೇನೆ.

ಹುಡುಗಿ ಈಗ ಬ್ಯಾಡಗಿಯಲ್ಲಿ ಹೈಸ್ಕೂಲಿಗೆ ಹೋಗುತ್ತಾಳೆ. ಮೊನ್ನೆ ಬಸ್ಸಿನಲ್ಲಿ ಸಿಕ್ಕಳು. ಪಕ್ಕಕ್ಕೆ ಕರೆದು ಕೂರಿಸಿಕೊಂಡೆ. ಬೆರಳು ಮತ್ತೆ ಕೆಂಪಾಗಿದ್ದವು, ಸುಗ್ಗಿ ಶುರುವಾಗಿತ್ತು. ಅಲ್ಲಿಯ ಊಟಕ್ಕೆ ಚಮಚ ಇಲ್ಲವಂತೆ.

"ಮತ್ತ ಹೆಂಗ ಉಣ್ತಿ?" ಎಂದು ಕೇಳಿದೆ.

"ಎಡಗೈಲೆ ಉಣ್ತೇನ್ರಿ ಅಕ್ಕೋರ. ನೋಡೋರು ನೋಡ್ಲಿ."